ಗಾಜಿನ ಗೋಮಾಳದಲ್ಲಿ ಬಸವನಹುಳು ಎಷ್ಟಿರಬೇಕು?

ಅಕ್ವೇರಿಯಂ ಅಂಗಡಿಗೆ ಹೋಗಿ, ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೇವೆ ಎಂದು ಹೇಳಿ ನೋಡಿ. ಮೀನು ತೋರಿಸುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ‘ಕ್ಲೀನಪ್ ಕ್ರೂ ಹಾಕಿದ್ದೀರಾ?’ ಹೆಸರು ಕೇಳಿದರೆ ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿ ನೆನಪಾಗುತ್ತದೆ. ಅವರು ಹೇಳುತ್ತಿರುವುದು ಬಸವನಹುಳು, ಸನ್ಯಾಸಿ ಏಡಿ, ಸೀಗಡಿಯಂಥ ಸಣ್ಣ ಜೀವಿಗಳ ಬಗ್ಗೆ. ಇವು ಪಾಚಿಯನ್ನೂ ಮೀನು ತಿಂದು ಬಿಟ್ಟ ಆಹಾರವನ್ನೂ ತಿಂದು ಟ್ಯಾಂಕ್ ಚೊಕ್ಕಟವಾಗಿ ಇಡುತ್ತವೆ ಎಂಬ ಮಾತಿದೆ. ಅದು ಅರ್ಧ ನಿಜ. ಉಳಿದರ್ಧ ಅಂಗಡಿಯಲ್ಲಿ ಸಿಗುವುದಿಲ್ಲ.

ನಾನು ಮಂಗಳೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹಾಸ್ಟೆಲ್ ಬೇಡ ಎಂದು ಅಮ್ಮ ನನ್ನನ್ನು ಸೋದರಮಾವನ ಮನೆಯಲ್ಲಿ ಬಿಟ್ಟಿದ್ದಾರೆ. ಮಾವನಿಗೆ ಕಳೆದ ವರ್ಷ ಹವಳದ ಟ್ಯಾಂಕಿನ ಹುಚ್ಚು ಹಿಡಿಯಿತು. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ಗಾಜಿನ ಪೆಟ್ಟಿಗೆ. ಲೆಕ್ಕದ ಪ್ರಕಾರ ಸುಮಾರು 65 ಲೀಟರ್. ಕಲ್ಲು, ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾಗಿ ಹಿಡಿಯುವ ನೀರು 50 ಲೀಟರ್. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಪರಿಚಯದವರ ಟ್ಯಾಂಕಿನಿಂದ ಕತ್ತರಿಸಿ ತಂದ ಝೋಯಾಂಥಿಡ್ ಮತ್ತು ಮಶ್ರೂಮ್ ಎಂಬ ಮೆತ್ತನೆ ಹವಳಗಳು. ‘ಸಮುದ್ರ ಹತ್ತು ನಿಮಿಷ ದೂರ ಇದ್ದೂ ಮನೆಯೊಳಗೆ ಉಪ್ಪು ಕಲಸಿ ಸಮುದ್ರ ಮಾಡುವವರು ನೀವೇ’ ಎಂದು ಅತ್ತೆ ಈಗಲೂ ಹೇಳುತ್ತಾರೆ. ಟ್ಯಾಂಕಿನ ಲೆಕ್ಕ, ಟೆಸ್ಟ್ ಕಿಟ್, ನೀರು ಬದಲಿಸುವ ಬಕೆಟ್ ಎಲ್ಲ ನನ್ನ ಪಾಲಿಗೆ ಬಂದಿವೆ.

ಟ್ಯಾಂಕ್ ಇಟ್ಟು ಆರು ವಾರಕ್ಕೆ ಗಾಜಿನ ಮೇಲೆ ಕಂದು ಪುಡಿ ಕೂತಿತು. ಮಾವ ಅಂಗಡಿಗೆ ಫೋನ್ ಮಾಡಿದರು. ಫೋನ್ ಇಟ್ಟು ಹೇಳಿದರು, ‘ಮಾರಾಯ್ತಿ, ಪ್ಯಾಕೇಜ್ ಉಂಟಂತೆ. 20 ಬಸವನಹುಳು, 10 ಏಡಿ. ಎರಡೂವರೆ ಸಾವಿರ. ಒಂದು ವಾರದಲ್ಲಿ ಗಾಜು ಕನ್ನಡಿ ಆಗ್ತದೆ ಅಂತೆ.’

‘ಎರಡನೇ ವಾರ ಅವು ಎಂತ ತಿನ್ನುತ್ತವೆ ಮಾವ?’ ಎಂದೆ. ಮಾವನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯವರು ಅದನ್ನು ಹೇಳಿರಲಿಲ್ಲ.

ಹಳ್ಳಿಯಲ್ಲಿ ಗೋಮಾಳಕ್ಕೆ ಎಷ್ಟು ದನ ಬಿಡಬಹುದು ಎಂಬುದಕ್ಕೆ ಒಂದು ಲೆಕ್ಕ ಇರುತ್ತದಲ್ಲ, ಇಲ್ಲಿಯೂ ಅದೇ ಲೆಕ್ಕ. ಬಸವನಹುಳು ಹೆಸರಿಗೆ ತಕ್ಕಂತೆ ಮೇಯುವ ಪ್ರಾಣಿ. ಹುಲ್ಲಿನ ಬದಲು ಪಾಚಿ, ಅಷ್ಟೇ ವ್ಯತ್ಯಾಸ. ಈ ಹವ್ಯಾಸದಲ್ಲಿ ‘ಒಂದು ಗ್ಯಾಲನ್‌ಗೆ ಒಂದು ಬಸವನಹುಳು’ ಎಂಬ ಹಳೇ ಸೂತ್ರವೊಂದು ಓಡಾಡುತ್ತದೆ. ಒಂದು ಗ್ಯಾಲನ್ ಎಂದರೆ 3.8 ಲೀಟರ್. ನಮ್ಮ ಟ್ಯಾಂಕಿಗೆ ಆ ಸೂತ್ರದ ಪ್ರಕಾರವೂ 13 ಸಾಕು, 30 ಬೇಡ. ನನಗೆ ಸೂತ್ರವೇ ಸರಿ ಕಾಣಲಿಲ್ಲ. ಬಸವನಹುಳು ನೀರಿನಲ್ಲಿ ಮೇಯುವುದಿಲ್ಲ, ಮೇಲ್ಮೈಯಲ್ಲಿ ಮೇಯುತ್ತದೆ. ಅಂದಮೇಲೆ ಲೀಟರ್ ಅಳೆದರೆ ಏನು ಬಂತು, ಚದರ ಸೆಂಟಿಮೀಟರ್ ಅಳೆಯಬೇಕು. ನಾಲ್ಕು ಬದಿಯ ಗಾಜು ಮತ್ತು ತಳ ಸೇರಿಸಿದೆ. 8,280 ಚದರ ಸೆಂಟಿಮೀಟರ್ ಬಂತು. ನಾವು ಆಡುವ ದೊಡ್ಡ ಕೇರಂ ಬೋರ್ಡಿನ ಒಳಭಾಗದ ಒಂದೂವರೆ ಪಟ್ಟು. ಕಲ್ಲುಗಳ ಮೈ ಇನ್ನೊಂದಿಷ್ಟು ಸೇರುತ್ತದೆ. ಮುಂದಿನ ಗಾಜನ್ನು ನಾವೇ ಮ್ಯಾಗ್ನೆಟ್‌ನಿಂದ ಉಜ್ಜುತ್ತೇವೆ, ಅದನ್ನು ಕಳೆಯಬೇಕು. ಒಂದೂವರೆ ಕೇರಂ ಬೋರ್ಡಿನಷ್ಟು ಹುಲ್ಲುಗಾವಲಿಗೆ 30 ಬಾಯಿ!

ನಮ್ಮ ಕಾಲೇಜಿನ ಸೀನಿಯರ್ ಒಬ್ಬರ ಮನೆಯಲ್ಲಿ ಇದೇ ಅಳತೆಯ ಟ್ಯಾಂಕ್ ಇದೆ. ಅವರ ಮನೆಗೆ ಇಂಥದೇ ಪ್ಯಾಕೇಜ್ ಬಂದಿತ್ತು. ಮೊದಲ ತಿಂಗಳು ಗಾಜು ನಿಜಕ್ಕೂ ಕನ್ನಡಿ. ಎರಡನೇ ತಿಂಗಳು ಮೂಲೆಯಲ್ಲಿ ಒಂದೊಂದೇ ಖಾಲಿ ಚಿಪ್ಪು. ಹಸಿವಿನಿಂದ ಸಾಯುವ ಬಸವನಹುಳು ಸದ್ದು ಮಾಡುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ದಿನದಿಂದ ದಿನಕ್ಕೆ ನಿಧಾನವಾಗಿ, ಒಂದು ದಿನ ಬೀಳುತ್ತದೆ. ಸತ್ತದ್ದು ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ, ಅದು ಪಾಚಿಗೆ ಗೊಬ್ಬರ. ಮೂರನೇ ತಿಂಗಳು ಪಾಚಿ ಮೊದಲಿಗಿಂತ ದಟ್ಟ. ಅಂಗಡಿಯವರು ಏನು ಹೇಳಿದರು ಗೊತ್ತೇ? ‘ಕ್ಲೀನಪ್ ಕ್ರೂ ಕಡಿಮೆಯಾಗಿದೆ, ಇನ್ನೊಂದು ಪ್ಯಾಕೇಜ್ ಹಾಕಿ.’ ವ್ಯಾಪಾರದ ದೃಷ್ಟಿಯಿಂದ ಇಷ್ಟು ಸೊಗಸಾದ ಚಕ್ರ ಇನ್ನೊಂದಿಲ್ಲ. ಆದರೆ ಹೀಗೆ ಸಾಯುವ ಜೀವಿಗಳಲ್ಲಿ ಬಹುಪಾಲು ಯಾವುದೋ ಕಡಲ ತೀರದಿಂದ ಆರಿಸಿ ತಂದವು. ಮನೆಯಲ್ಲಿ ಮರಿಯಾಗಿ ಬೆಳೆದವಲ್ಲ.

ಈಗ ಇನ್ನೊಂದು ತಪ್ಪು ತಿಳಿವಳಿಕೆಗೆ ಬರೋಣ. ಕ್ಲೀನಪ್ ಕ್ರೂ ಕಸ ‘ತೆಗೆಯುತ್ತದೆ’ ಎಂಬುದು. ಕೆಮಿಕಲ್‌ನವರಿಗೆ ಮೊದಲು ಕಲಿಸುವುದೇ ಮಟೀರಿಯಲ್ ಬ್ಯಾಲೆನ್ಸ್. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಒಳಗೇ ಇರಬೇಕು. ಮೂರು ಸಾಲಿನ ಈ ಪಾಠವನ್ನು ನಮಗೆ ಒಂದು ಸೆಮಿಸ್ಟರ್ ಪೂರ್ತಿ ಮಾಡುತ್ತಾರೆ, ಯಾಕೆಂದು ಟ್ಯಾಂಕ್ ನೋಡಿದ ಮೇಲೆ ಅರ್ಥವಾಯಿತು. ನಮ್ಮ ಟ್ಯಾಂಕಿಗೆ ಒಳಬರುವುದು ಮೀನಿನ ಆಹಾರ. ಅದರಲ್ಲಿ ಸಾರಜನಕ ಇದೆ, ರಂಜಕ ಇದೆ. ಮೀನು ತಿಂದು ವಿಸರ್ಜಿಸುತ್ತದೆ. ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮತ್ತು ಫಾಸ್ಫೇಟ್ ಹೀರಿ ಪಾಚಿ ಬೆಳೆಯುತ್ತದೆ. ಬಸವನಹುಳು ಪಾಚಿ ತಿನ್ನುತ್ತದೆ. ಸರಿ, ತಿಂದದ್ದು ಎಲ್ಲಿ ಹೋಯಿತು? ಸ್ವಲ್ಪ ಅದರ ಮೈಗೆ, ಉಳಿದದ್ದು ಸಣ್ಣ ಸಣ್ಣ ಕಡ್ಡಿಯಂಥ ಹಿಕ್ಕೆಯಾಗಿ ಮತ್ತೆ ಅದೇ ನೀರಿಗೆ. ಬೆಂಗಳೂರಿನ ಕಸ ಮನೆ ಮುಂದಿನಿಂದ ಮಾಯವಾಗಿ ಮಂಡೂರಿನಲ್ಲಿ ಗುಡ್ಡವಾದ ಕಥೆಯೇ ಇದು. ನಮ್ಮ ಟ್ಯಾಂಕಿನಲ್ಲಿ ಮಂಡೂರು ಕೂಡ ಅದೇ ಗಾಜಿನೊಳಗೆ ಇದೆ.

ಅಂಕಿ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಇದೆ ಎಂದುಕೊಳ್ಳಿ. 50 ಲೀಟರಿನಲ್ಲಿ ಒಟ್ಟು 1,000 ಮಿಲಿಗ್ರಾಂ. 5 ಲೀಟರ್ ನೀರು ತೆಗೆದು ಹೊಸ ಉಪ್ಪುನೀರು ಹಾಕಿದರೆ 100 ಮಿಲಿಗ್ರಾಂ ಮನೆಯಿಂದ ಆಚೆ ಹೋಯಿತು, ಮಟ್ಟ 18ಕ್ಕೆ ಇಳಿಯಿತು. 20 ಬಸವನಹುಳು ಬಿಟ್ಟರೆ ಆಚೆ ಹೋಗುವುದು ಸೊನ್ನೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಕಲ್ಲಿನ ಪಾಚಿ ತಿಕ್ಕಿ, ಪೈಪಿನಲ್ಲಿ ಹೀರಿ ಬಕೆಟ್ಟಿಗೆ ಬಿಟ್ಟರೆ ಅದು ನಿಜವಾದ ವಿಲೇವಾರಿ. (ಝೋಯಾಂಥಿಡ್ ಪಕ್ಕದಲ್ಲಿ ತಿಕ್ಕುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ತಮಾಷೆಯ ಮಾತಲ್ಲ.)

ಹಾಗಾದರೆ ಈ ಜೀವಿಗಳು ಯಾಕೆ ಬೇಕು? ಬೇಕು. ಬಾಚಣಿಗೆಯಂಥ ನಾಲಗೆಯಿಂದ ಅವು ಕೆರೆದು ತಿನ್ನುವ ಸಂದುಗಳಿಗೆ ನನ್ನ ಬ್ರಷ್ ಹೋಗುವುದಿಲ್ಲ. ಗಟ್ಟಿಯಾಗಿ ಅಂಟಿದ ಪಾಚಿ ಅವುಗಳ ಹೊಟ್ಟೆಯಿಂದ ಹೊರಬಂದಾಗ ಫಿಲ್ಟರಿಗೆ ಸಿಗುವ ತುಣುಕಾಗಿರುತ್ತದೆ. ಪಾಚಿ ಎದ್ದು ಹವಳವನ್ನು ಮುಚ್ಚುವ ಮೊದಲು, ಮೊಳಕೆಯಲ್ಲೇ ಮೇಯುತ್ತವೆ. ಇವು ನಮ್ಮ ಕೆಲಸ ಮಾಡುವುದಿಲ್ಲ, ಅದನ್ನು ಸುಲಭ ಮಾಡುತ್ತವೆ.

ಆದ್ದರಿಂದ ಮಾವನಿಗೆ ಹೇಳಿದೆ, ಮೊದಲು ಟ್ಯಾಂಕಿನಲ್ಲಿ ಬೆಳೆದಿರುವುದು ಏನು ಎಂದು ನೋಡೋಣ, ಆಮೇಲೆ ಅದನ್ನು ತಿನ್ನುವವರು ಯಾರು ಎಂದು ಹುಡುಕೋಣ. ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಕಂಪನಿಯೂ ಮೊದಲು ಕೆಲಸ ಏನೆಂದು ಹೇಳುತ್ತದೆ, ಆಮೇಲೆ ಜನರನ್ನು ಕರೆಯುತ್ತದೆ. ನಮ್ಮ ಕಂದು ಪುಡಿ ಡಯಾಟಮ್. ಹೊಸ ಟ್ಯಾಂಕಿನಲ್ಲಿ ಸಿಲಿಕಾ ಸಿಕ್ಕಾಗ ಬರುತ್ತದೆ, ಅದು ಮುಗಿದ ಮೇಲೆ ತಾನೇ ಹೋಗುತ್ತದೆ. ಇದಕ್ಕೆ ಹೆದರಿ ಸೈನ್ಯ ತರಿಸುವುದು ದಂಡ. ಆಮೇಲೆ ಬಂದದ್ದು ಗಾಜಿನ ಮೇಲಿನ ತೆಳು ಹಸಿರು ಪೊರೆ, ಕಲ್ಲಿನ ಒಂದು ಮೂಲೆಯಲ್ಲಿ ಕೂದಲಿನಂಥ ಪಾಚಿ. ಮರಳಿನ ಮೇಲೆ ಕೆಂಪು ಲೋಳೆಯೂ ಒಂದು ತೇಪೆ ಕಂಡಿತು. ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದನ್ನು ನಂಬಿಕೊಂಡು ತಿನ್ನುವ ಪ್ರಾಣಿ ಅಂಗಡಿಯಲ್ಲಿ ಇಲ್ಲ. ಪೈಪಿನಲ್ಲಿ ಹೀರಿ ತೆಗೆದು, ಪಂಪಿನ ಮುಖ ಆ ಕಡೆ ತಿರುಗಿಸಿದೆವು. ನೀರಿನ ಓಟ ಸಿಕ್ಕ ಮೇಲೆ ಬರಲಿಲ್ಲ.

ಅಭ್ಯರ್ಥಿಗಳಲ್ಲಿ ನನಗೆ ಮೊದಲು ಹಿಡಿಸಿದ್ದು ಟ್ರೋಕಸ್. ದೇವಸ್ಥಾನದ ಗೋಪುರದಂಥ ಚಿಪ್ಪು. ಹಸಿರು ಪೊರೆಯನ್ನು ಚೆನ್ನಾಗಿ ಮೇಯುತ್ತದೆ. ಅದಕ್ಕಿಂತ ದೊಡ್ಡ ಗುಣ, ಮಗುಚಿ ಬಿದ್ದರೆ ತಾನೇ ಎದ್ದು ಕೂರುತ್ತದೆ. ಇದೇನು ದೊಡ್ಡ ವಿದ್ಯೆ ಎನ್ನಬೇಡಿ. ಅಮೆರಿಕದ ಟ್ಯಾಂಕುಗಳಲ್ಲಿ ತುಂಬ ಕಾಣುವ ಆಸ್ಟ್ರಿಯಾ ಬಸವನಹುಳು ಮರಳಿನ ಮೇಲೆ ಬೆನ್ನಡಿಯಾಗಿ ಬಿದ್ದರೆ ಏಳಲಾರದು, ಯಾರಾದರೂ ಎತ್ತದಿದ್ದರೆ ಅಲ್ಲೇ ಸಾಯುತ್ತದೆ. ಬೆಳಿಗ್ಗೆ ಎಂಟಕ್ಕೆ ಕಾಲೇಜಿಗೆ ಹೋಗುವವಳು ಬಿದ್ದವರನ್ನೆಲ್ಲ ಎತ್ತುತ್ತ ಕೂರಲು ಆಗುತ್ತದೆಯೇ? ಖರೀದಿಸುವಾಗ ಯಾವ ಜಾತಿ ಎಂದು ಮಾತ್ರ ಕೇಳಿಯೇ ತರಬೇಕು. ಇದೇ ಬಳಗದ ದೊಡ್ಡಣ್ಣ ಟ್ರೋಕಸ್ ನಿಲೋಟಿಕಸ್‌ನ ಚಿಪ್ಪಿನಲ್ಲಿ ಮುತ್ತಿನ ಹೊಳಪಿನ ಅಂಗಿ ಗುಂಡಿ ಮಾಡುತ್ತಿದ್ದರು. ಅದೂ, ಟರ್ಬೊ ಮಾರ್ಮೊರಾಟಸ್ ಎಂಬ ದೊಡ್ಡ ಹಸಿರು ಶಂಖವೂ ನಮ್ಮ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ.

ಟರ್ಬೊ ಜಾತಿಯ ಇತರ ಬಸವನಹುಳುಗಳು ಕೂದಲ ಪಾಚಿಗೆ ಹೆಸರುವಾಸಿ. ಆದರೆ ಅವು ಜೆಸಿಬಿ ಇದ್ದಂತೆ. ದಾರಿಯಲ್ಲಿ ಅಂಟಿಸದ ಹವಳ ಇದ್ದರೆ ಉರುಳಿಸಿಕೊಂಡೇ ಹೋಗುತ್ತವೆ. ಹೊಟ್ಟೆಯೂ ದೊಡ್ಡದು. ನಮ್ಮ ಒಂದು ಹಿಡಿ ಕೂದಲ ಪಾಚಿ ಅದಕ್ಕೆ ಎರಡು ದಿನದ ತಿಂಡಿ. ನೆರೈಟ್ ಗಾಜನ್ನು ತುಂಬ ಚೆನ್ನಾಗಿ ಒರೆಸುತ್ತದೆ, ಆದರೆ ಎಲ್ಲೆಂದರಲ್ಲಿ ಎಳ್ಳಿನಂಥ ಬಿಳಿ ಮೊಟ್ಟೆ ಅಂಟಿಸುತ್ತದೆ. ಅಲೆ ಬಂದು ಹೋಗುವ ಬಂಡೆಗಳ ಪ್ರಾಣಿ ಅದು, ರಾತ್ರಿ ನೀರು ಬಿಟ್ಟು ಮೇಲೆ ಹತ್ತುತ್ತದೆ. ಮುಚ್ಚಳ ಇಲ್ಲದ ಟ್ಯಾಂಕಿನವರು ಬೆಳಿಗ್ಗೆ ಸೋಫಾದ ಕೆಳಗೆ ಹುಡುಕಬೇಕಾದೀತು.

ಸೆರಿಥ್ ನೋಡಲು ಸಣ್ಣ ಸ್ಕ್ರೂ. ಹಗಲು ಮರಳಿನಲ್ಲಿ, ರಾತ್ರಿ ಡ್ಯೂಟಿ. ಡಯಾಟಮ್ ಪುಡಿ, ಮರಳಿನ ಮೇಲಿನ ಕೊಳೆ ತಿನ್ನುತ್ತದೆ. ಹೊಟ್ಟೆ ಸಣ್ಣದು. ಸಣ್ಣ ಟ್ಯಾಂಕಿಗೆ ಇದಕ್ಕಿಂತ ಹೊಂದುವ ಕೆಲಸಗಾರ ಕಡಿಮೆ, ಆದರೂ ಇದನ್ನು ಯಾರೂ ಕೇಳಿ ಕೊಳ್ಳುವುದಿಲ್ಲ, ನೋಡಲು ಚೆಂದ ಇಲ್ಲವಲ್ಲ.

ನಸ್ಸೇರಿಯಸ್ ಪಾಚಿ ಮುಟ್ಟುವುದೇ ಇಲ್ಲ. ಅದಕ್ಕೆ ಬೇಕಾದದ್ದು ಮಾಂಸ, ಅಂದರೆ ಉಳಿದ ಮೀನಿನ ಆಹಾರ, ಸತ್ತ ಜೀವಿ. ಮೈಯೆಲ್ಲ ಮರಳಿನಲ್ಲಿ ಹೂತು ಆನೆಯ ಸೊಂಡಿಲಿನಂಥ ಒಂದು ನಳಿಕೆ ಮಾತ್ರ ಮೇಲೆ ಬಿಟ್ಟುಕೊಂಡು ವಾಸನೆ ಹಿಡಿಯುತ್ತ ಕೂತಿರುತ್ತದೆ. ಆಹಾರ ಹಾಕಿ ಒಂದು ನಿಮಿಷ ಆಗುವುದರೊಳಗೆ ಮರಳು ಸೀಳಿಕೊಂಡು ಎದ್ದು ಬರುತ್ತದೆ. ಇದನ್ನು ನೋಡಿ ಅತ್ತೆ, ‘ಊಟಕ್ಕೆ ಕರೆದರೆ ನೀವಿಬ್ಬರೂ ಇಷ್ಟು ಬೇಗ ಬರುವುದಿಲ್ಲ’ ಎಂದರು. ಪಾಚಿ ಹೋಗಲಿ ಎಂದು ಹತ್ತು ನಸ್ಸೇರಿಯಸ್ ತಂದರೆ ಪಾಚಿ ಅಲ್ಲೇ ಇರುತ್ತದೆ, ನಸ್ಸೇರಿಯಸ್‌ಗಳು ಉಪವಾಸ ಇರುತ್ತವೆ.

ಸನ್ಯಾಸಿ ಏಡಿಯ ವಿಷಯದಲ್ಲಿ ಮಾವನಿಗೂ ನನಗೂ ಎರಡು ದಿನ ಚರ್ಚೆ ಆಯಿತು. ಮಾವನಿಗೆ ಅದು ಇಷ್ಟ. ನನಗೂ ಇಷ್ಟವೇ. ಆದರೆ ಆ ಪ್ರಾಣಿಗೆ ಸನ್ಯಾಸಿ ಎಂದು ಹೆಸರಿಟ್ಟವರು ಅದರ ಜೊತೆ ಬಾಳಿದವರಲ್ಲ. ಅದರ ತಲೆಯಲ್ಲಿ ಇರುವುದು ಒಂದೇ ಚಿಂತೆ, ಮನೆ. ಹಿಂಭಾಗ ಮೆತ್ತಗಿರುವುದರಿಂದ ಬೇರೆಯವರ ಖಾಲಿ ಚಿಪ್ಪಿನಲ್ಲಿ ವಾಸ, ಬೆಳೆದಂತೆ ದೊಡ್ಡ ಮನೆ ಬೇಕು. ಸಮುದ್ರ ತೀರದಲ್ಲಿ ಒಂದು ದೊಡ್ಡ ಚಿಪ್ಪು ಸಿಕ್ಕರೆ ಏಡಿಗಳು ಗಾತ್ರದ ಪ್ರಕಾರ ಸಾಲು ನಿಂತು, ದೊಡ್ಡದು ಹೊಸದಕ್ಕೆ, ಅದರ ಹಿಂದಿನದು ದೊಡ್ಡದು ಬಿಟ್ಟದ್ದಕ್ಕೆ, ಹೀಗೆ ಕೊನೆಯ ತನಕ ಮನೆ ಬದಲಿಸುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹಾಸ್ಟೆಲ್ ರೂಮ್ ಅಲಾಟ್‌ಮೆಂಟ್ ಇಷ್ಟು ಶಿಸ್ತಿನಿಂದ ನಡೆದದ್ದನ್ನು ನಾನು ಕೇಳಿಲ್ಲ. ಖಾಲಿ ಚಿಪ್ಪು ಸಿಗದಿದ್ದರೆ? ಆಗ ಒಳಗೆ ಜೀವಂತ ಇರುವ ಬಸವನಹುಳುವನ್ನು ಕೊಂದು ಮನೆ ಖಾಲಿ ಮಾಡಿಸುತ್ತದೆ. ಪ್ಯಾಕೇಜಿನಲ್ಲಿ 20 ಬಸವನಹುಳು ಜೊತೆ 10 ಏಡಿ ಕೊಡುವುದೆಂದರೆ, 20 ಮನೆಯವರ ಜೊತೆ 10 ಒಕ್ಕಲೆಬ್ಬಿಸುವವರನ್ನೂ ಕೊಟ್ಟ ಹಾಗೆ. ಕೊನೆಗೆ ಒಂದೇ ಏಡಿ, ಅದೂ ಸಣ್ಣ ಜಾತಿಯದು, ಜೊತೆಗೆ ಬೇರೆ ಬೇರೆ ಗಾತ್ರದ ಆರು ಖಾಲಿ ಚಿಪ್ಪು ಎಂದು ಒಪ್ಪಂದವಾಯಿತು.

ಕ್ಲೀನರ್ ಸೀಗಡಿ ಎಂಬ ಕೆಂಪು-ಬಿಳಿ ಸುಂದರಾಂಗ ಇನ್ನೊಂದು ಕಥೆ. ಸಮುದ್ರದಲ್ಲಿ ಅದು ಒಂದು ಕಲ್ಲಿನ ಮೇಲೆ ಅಂಗಡಿ ತೆರೆದು ಕೂರುತ್ತದೆ, ಮೀನುಗಳು ಬಂದು ಮೈಮೇಲಿನ ಪರಾವಲಂಬಿಗಳನ್ನು ತೆಗೆಸಿಕೊಂಡು ಹೋಗುತ್ತವೆ. ಎರಡು ಆರೋಗ್ಯವಂತ ಕ್ಲೌನ್ ಮೀನಿರುವ ಟ್ಯಾಂಕಿನಲ್ಲಿ ಆ ಅಂಗಡಿಗೆ ಗಿರಾಕಿ ಇಲ್ಲ. ನಾವು ಹಾಕಿದ್ದನ್ನೇ ತಿನ್ನುತ್ತದೆ, ಹವಳದ ಬಾಯಿಂದಲೂ ಕಸಿಯುತ್ತದೆ. ‘ಕೆಲಸಕ್ಕೆ ಬೇಡ, ಅದರ ಮೀಸೆ ಚೆಂದ ಉಂಟು, ಅದಕ್ಕೆ ಇರಲಿ’ ಎಂದರು ಮಾವ. ಇದು ಪ್ರಾಮಾಣಿಕ ಕಾರಣ, ಒಪ್ಪಿದೆ. ಬಂದ ಎರಡು ವಾರಕ್ಕೆ ಅತ್ತೆ ಕಾಲೇಜಿಗೇ ಫೋನ್ ಮಾಡಿ, ‘ಎಟ್ಟಿ ಸತ್ತು ಬಿದ್ದಿದೆ, ಪಕ್ಕದಲ್ಲಿ ಇನ್ನೊಂದು ಎಟ್ಟಿ ಎಲ್ಲಿಂದಲೋ ಬಂದಿದೆ’ ಎಂದರು. ನಮ್ಮ ತುಳುನಾಡಿನಲ್ಲಿ ಸೀಗಡಿಗೆ ಎಟ್ಟಿ ಎನ್ನುತ್ತಾರೆ. ಅದು ಪೊರೆ ಕಳಚಿತ್ತು ಅಷ್ಟೇ. ಮೀಸೆ ಸಮೇತ ಇಡೀ ಅಂಗಿ ಬಿಚ್ಚಿಟ್ಟಿತ್ತು. ಅಂದಹಾಗೆ ಸೀಗಡಿ, ಬಸವನಹುಳು ಇರುವ ಟ್ಯಾಂಕಿಗೆ ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧ ಹಾಕಲೇಬಾರದು. ಮೀನು ಉಳಿದೀತು, ಇವು ಉಳಿಯವು.

ಮಂಗಳೂರಿಗೆ ಪಶ್ಚಿಮದ ಸಮುದ್ರದಲ್ಲಿರುವ ಲಕ್ಷದ್ವೀಪದ ಅಗತ್ತಿಯಲ್ಲಿ, ಕೇಂದ್ರ ಸರ್ಕಾರದ ಮೀನು ತಳಿ ಸಂಪನ್ಮೂಲ ಸಂಸ್ಥೆಯವರು ಅಲಂಕಾರಿಕ ಸೀಗಡಿಗಳ ಮರಿ ಮಾಡಿಸಿ ಸಾಕುವುದನ್ನು ದ್ವೀಪದ ಹೆಂಗಸರಿಗೆ ಕಲಿಸಿದ್ದಾರೆ. ಅವರು ಸಾಕುವುದು ಬೇರೆ ಜಾತಿಗಳು. ನನಗೆ ಕೇಳಿದರೆ ಈ ಹವ್ಯಾಸ ಉಳಿಯಬೇಕಾದದ್ದು ಇಂಥ ಕಡೆಯಿಂದ ಬರುವ ಜೀವಿಗಳಿಂದ. ಕ್ಲೌನ್ ಮೀನನ್ನು ಈಗ ಸಾಕಣೆಯಲ್ಲೇ ಮರಿ ಮಾಡುತ್ತಾರೆ. ಬಸವನಹುಳುಗಳಿಗೆ ಆ ಭಾಗ್ಯ ಇನ್ನೂ ಅಷ್ಟಾಗಿ ಬಂದಿಲ್ಲ.

ಮರಳು ಶೋಧಿಸುವ ನಕ್ಷತ್ರ ಮೀನನ್ನು ಮಾವ ಫೋಟೊ ನೋಡಿ ಮೆಚ್ಚಿದ್ದರು. ಅದು ಮರಳಿನೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನು ತಿನ್ನುತ್ತದೆ. 60-30 ಸೆಂಟಿಮೀಟರ್ ಮರಳಿನಲ್ಲಿ ಅವು ಬೇಗ ಮುಗಿಯುತ್ತವೆ, ಆಮೇಲೆ ಅದು ತಿಂಗಳುಗಟ್ಟಲೆ ಹಸಿದು ಸಾಯುತ್ತದೆ. ಬೇಡ ಎಂದೆ, ಒಪ್ಪಿದರು. ಕಡಲ ಸೌತೆಯ ಮಾತು ಬಂದಾಗ ಚರ್ಚೆಗೇ ಜಾಗ ಇರಲಿಲ್ಲ. ಮರಳು ನುಂಗಿ ಸ್ವಚ್ಛ ಮಾಡಿ ಉಗುಳುವ ಪ್ರಾಣಿ ಎಂದು ಬೇರೆ ದೇಶದವರು ಅದನ್ನು ಹೊಗಳುತ್ತಾರೆ. ನಮ್ಮಲ್ಲಿ 2001ರಿಂದ ಎಲ್ಲ ಜಾತಿಯ ಕಡಲ ಸೌತೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ಕಲ್ಲು ಹವಳ, ಕಡಲ ಬೀಸಣಿಗೆ, ಕಡಲ ಕುದುರೆಗಳೂ ಆಗಲೇ ಸೇರಿದವು. ನಮ್ಮ ಟ್ಯಾಂಕಿನಲ್ಲಿ ಮೆತ್ತನೆ ಹವಳ ಮಾತ್ರ ಇರುವುದಕ್ಕೂ, ಕಲ್ಲು ಸೆರಾಮಿಕ್‌ನದ್ದಾಗಿರುವುದಕ್ಕೂ ಅದೇ ಕಾರಣ. ‘ಒಳಗಿನಿಂದ ತರಿಸಿಕೊಡ್ತೇನೆ’ ಎನ್ನುವ ಮಾರಾಟಗಾರರು ಇದ್ದಾರೆ. ಅಂಥವರಿಂದ ದೂರ ಇರಿ. ಜೈಲಿನ ಭಯ ಒಂದು ಕಡೆ, ಆ ಪ್ರಾಣಿ ಬಂದ ಜಾಗದಲ್ಲಿ ಅದರ ಕೆಲಸ ನಿಂತಿರುತ್ತದಲ್ಲ, ಅದು ಇನ್ನೊಂದು ಕಡೆ.

ಗೆಳತಿಯರು ಕೇಳುವ ಪ್ರಶ್ನೆ ಒಂದಿದೆ. ಸುರತ್ಕಲ್ ಬಂಡೆಗಳ ಮೇಲೆ, ಸೋಮೇಶ್ವರದಲ್ಲಿ ಇಳಿತದ ಹೊತ್ತಿಗೆ ಬೇಕಾದಷ್ಟು ಬಸವನಹುಳು ಸಿಗುತ್ತವೆ, ದುಡ್ಡು ಕೊಟ್ಟು ಯಾಕೆ ತರುತ್ತೀ? ಕಾರಣ ಇದೆ. ಬಂಡೆ ಮೇಲಿನವು ಅರ್ಧ ದಿನ ಗಾಳಿಯಲ್ಲಿ ಇರುವ ಜೀವಿಗಳು, ಸದಾ ಮುಳುಗಿರುವ ಟ್ಯಾಂಕ್ ಅವುಗಳ ಮನೆ ಅಲ್ಲ. ಅವುಗಳಲ್ಲಿ ಪಾಚಿ ತಿನ್ನುವವು ಯಾವುವು, ಬೇರೆ ಚಿಪ್ಪಿಗೆ ತೂತು ಕೊರೆದು ಒಳಗಿನದನ್ನು ತಿನ್ನುವವು ಯಾವುವು ಎಂದು ಗೊತ್ತಿರಬೇಕು. ಸ್ಥೂಲವಾಗಿ ಹೇಳುವುದಾದರೆ, ಚಿಪ್ಪಿನ ಬಾಯಿ ದುಂಡಗೆ ಇದ್ದರೆ ಸಸ್ಯಾಹಾರಿ ಇರಬಹುದು, ಬಾಯಿಯ ತುದಿಯಲ್ಲಿ ಗಾಡಿಯಂಥ ಕಚ್ಚು ಇದ್ದರೆ ಮಾಂಸಾಹಾರಿ ಇರುವ ಸಂಭವ ಹೆಚ್ಚು. ಸೆರಿಥ್‌ನಂಥ ಅಪವಾದಗಳಿವೆ. ಇನ್ನು ಶಂಕುವಿನಾಕಾರದ ಅಂದವಾದ ಕೋನ್ ಶಂಖಗಳಿಗೆ ವಿಷದ ಈಟಿ ಇದೆ. ಕೆಲವು ಜಾತಿಗಳು ಮನುಷ್ಯರನ್ನು ಕೊಂದದ್ದಿದೆ, ಅದಕ್ಕೆ ಪ್ರತಿವಿಷ ಇಲ್ಲ. ಬರಿಗೈಯಲ್ಲಿ ಗೊತ್ತಿಲ್ಲದ ಜೀವಂತ ಶಂಖ ಎತ್ತಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಬೇಡ. ತೀರದ ನೀರೂ ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಕೆಂಪು ನೀರು ಸೇರಿ ಉಪ್ಪಿನಂಶ ಇಳಿಯುತ್ತದೆ. ನಾವು ಆರ್‌ಒ ನೀರಿಗೆ ಪ್ಯಾಕೆಟ್ ಉಪ್ಪು ಬೆರೆಸಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶಕ್ಕೆ ತರುತ್ತೇವೆ.

ಇಷ್ಟೆಲ್ಲ ಓದಿ, ಈ ಹುಡುಗಿ ಕ್ಲೀನಪ್ ಕ್ರೂ ಬೇಡವೇ ಬೇಡ ಎನ್ನುತ್ತಾಳೆ ಎಂದುಕೊಳ್ಳಬೇಡಿ. ಮೇಯುವವರು ಪೂರ್ತಿ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಕೆರಿಬಿಯನ್ ಸಮುದ್ರ ತೋರಿಸಿದೆ. ಅಲ್ಲಿನ ಹವಳ ದಿಬ್ಬಗಳಲ್ಲಿ ಡಯಾಡೆಮಾ ಎಂಬ ಕಪ್ಪು ಅರ್ಚಿನ್, ಮೈತುಂಬ ಉದ್ದ ಮುಳ್ಳಿನ ಚೆಂಡು, ಪಾಚಿ ಮೇಯುತ್ತಿತ್ತು. 1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಬಾಯಿಯ ಹತ್ತಿರ ಅವು ಸಾಯತೊಡಗಿದವು. ಮುಂದಿನ ವರ್ಷದ ಆರಂಭದ ಹೊತ್ತಿಗೆ ಕೆರಿಬಿಯನ್ ತುಂಬ ಶೇ 90ಕ್ಕೂ ಹೆಚ್ಚು ಅರ್ಚಿನ್‌ಗಳು ಇರಲಿಲ್ಲ. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಮೊದಲೇ ಹಿಡಿದು ಮುಗಿಸಿದ್ದರು, 1980ರ ಚಂಡಮಾರುತ ಹವಳವನ್ನು ಮುರಿದಿತ್ತು. ಉಳಿದಿದ್ದ ಒಬ್ಬ ಮೇಯುವವನೂ ಹೋದ ಮೇಲೆ ಪಾಚಿಯನ್ನು ತಡೆಯುವವರಿರಲಿಲ್ಲ. 1970ರ ದಶಕದ ಕೊನೆಗೆ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದ್ದ ಹವಳ, 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕಡಿಮೆಯಾಯಿತು. ಒಂದೇ ಕೆಲಸಗಾರನ ಮೇಲೆ ಎಲ್ಲ ಭಾರ ಹಾಕಬಾರದು ಎಂಬುದನ್ನು ನಾನು ಇಲ್ಲಿಂದ ತೆಗೆದುಕೊಂಡೆ. 20 ಒಂದೇ ಬಗೆಯ ಬಸವನಹುಳುಗಿಂತ ಮೂರು ನಾಲ್ಕು ಬಗೆಯ ಕೆಲವೇ ಜೀವಿಗಳು ಲೇಸು.

ನಮ್ಮ ಪಟ್ಟಿ ಕೊನೆಗೆ ಹೀಗಾಯಿತು: ಮೂರು ಸಣ್ಣ ಟ್ರೋಕಸ್, ನಾಲ್ಕು ಸೆರಿಥ್, ಎರಡು ನಸ್ಸೇರಿಯಸ್, ಒಂದು ಏಡಿ. ಮೀಸೆಯವನನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪರಿಚಯದವರ ಹಳೇ ಟ್ಯಾಂಕಿನಿಂದ ಒಂದು ಹಿಡಿ ಮರಳು ಪುಕ್ಕಟೆ ಬಂತು. ಅದರಲ್ಲಿ ಕೊಪೆಪಾಡ್, ಆಂಫಿಪಾಡ್, ಬಿರುಗೂದಲ ಹುಳು ಎಲ್ಲ ಇದ್ದವು. ಹುಳು ನೋಡಿ ಜನ ಹೌಹಾರುತ್ತಾರೆ, ಆದರೆ ಬಹುಪಾಲು ಬಿರುಗೂದಲ ಹುಳುಗಳು ಕಲ್ಲಿನ ಸಂದಿನ ಕೊಳೆ ತಿನ್ನುವ ಪಾಪದವು. ಬರಿಗೈಯಲ್ಲಿ ಮುಟ್ಟಿದರೆ ಮಾತ್ರ ಚುಚ್ಚುತ್ತವೆ. ಇವು ಆಹಾರ ಇದ್ದಷ್ಟೇ ಹುಟ್ಟುತ್ತವೆ, ಕಡಿಮೆಯಾದರೆ ಕಡಿಮೆಯಾಗುತ್ತವೆ. ಸಂಖ್ಯೆಯ ಲೆಕ್ಕವನ್ನು ಅವೇ ಮಾಡಿಕೊಳ್ಳುವುದರಿಂದ ನಮ್ಮ ತಲೆನೋವು ಕಡಿಮೆ.

ಎಲ್ಲವನ್ನೂ ಒಟ್ಟಿಗೆ ತರಲಿಲ್ಲ. ಮೊದಲು ಸೆರಿಥ್, ಮೂರು ವಾರ ಬಿಟ್ಟು ಟ್ರೋಕಸ್. ತಂದ ಕೂಡಲೇ ಸುರಿಯುವುದಲ್ಲ. ಮೀನಿಗಿಂತ ಇವಕ್ಕೆ ಉಪ್ಪಿನ ಏರಿಳಿತದ ಪೆಟ್ಟು ಹೆಚ್ಚು. ಸಣ್ಣ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರನ್ನು ಹನಿ ಹನಿಯಾಗಿ, ಆಸ್ಪತ್ರೆಯ ಡ್ರಿಪ್ ಥರ, ಒಂದು ಗಂಟೆ ಅವು ಇರುವ ಡಬ್ಬಿಗೆ ಬಿಟ್ಟೆವು. ಬಂದ ಚೀಲದ ನೀರನ್ನು ಚೆಲ್ಲಿದೆವು. ಆಮೇಲೂ ದಿನ ಆವಿಯಾದಷ್ಟು ಸಿಹಿನೀರು ತುಂಬಬೇಕು, ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದು ಗಾಢವಾಗುತ್ತದೆ. ಬೇಸಿಗೆಯಲ್ಲಿ ನೀರು ಬಿಸಿಯಾಗದಿರಲು ಮೇಲೆ ಫ್ಯಾನ್ ಇಡುತ್ತೇವೆ. ಜೂನ್ ಬಂದರೆ ಮಂಗಳೂರಿನ ಗಾಳಿಯಲ್ಲೇ ಅಷ್ಟು ತೇವ, ಫ್ಯಾನಿನಿಂದ ದೊಡ್ಡ ಪ್ರಯೋಜನ ಇಲ್ಲ. ವೆಟ್ ಬಲ್ಬ್ ಉಷ್ಣಾಂಶದ ಪಾಠವನ್ನು ನಾನು ಕ್ಲಾಸಿಗಿಂತ ಇಲ್ಲಿ ಚೆನ್ನಾಗಿ ಕಲಿತೆ.

ಸಾಕೋ ಹೆಚ್ಚೋ ಎಂದು ತಿಳಿಯಲು ರಾತ್ರಿ ದೀಪ ಆರಿಸಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಾಕಿ ನೋಡಬೇಕು. ಟ್ರೋಕಸ್ ಗಾಜಿನ ಮೇಲೆ ಅಂಕುಡೊಂಕು ಗೆರೆ ಬಿಟ್ಟು ಮೇಯುತ್ತಿದ್ದರೆ, ಮಧ್ಯೆ ಮಧ್ಯೆ ತಿನ್ನದ ಹಸಿರು ಉಳಿದಿದ್ದರೆ ಸರಿ ಇದೆ. ಎಲ್ಲವೂ ಬೋಳಾಗಿದ್ದು ಅವು ಸುತ್ತುತ್ತಲೇ ಇದ್ದರೆ ಹುಲ್ಲು ಮುಗಿದಿದೆ ಎಂದರ್ಥ. ಆಗ ಹಿಂದಿನ ಗಾಜು ಉಜ್ಜುವುದನ್ನು ನಿಲ್ಲಿಸಿ, ಒಣಗಿದ ಕಡಲ ಪಾಚಿಯ ಹಾಳೆಯ ಒಂದು ತುಂಡು ಕ್ಲಿಪ್ಪಿಗೆ ಸಿಕ್ಕಿಸಿ ಕೊಡುತ್ತೇವೆ. ಸುಶಿಗೆ ಸುತ್ತುತ್ತಾರಲ್ಲ, ಅದೇ ನೋರಿ. ಅರ್ಧ ಬೆರಳಿನಷ್ಟು ಸಾಕು, ತಿನ್ನದೇ ಉಳಿದದ್ದನ್ನು ಬೆಳಿಗ್ಗೆ ತೆಗೆಯಬೇಕು. ನನ್ನ ಮಟ್ಟಿಗೆ ಹಿಂದಿನ ಗಾಜಿನ ಮೇಲೆ ಸ್ವಲ್ಪ ಹಸಿರು ಕಾಣುವ ಟ್ಯಾಂಕೇ ಆರೋಗ್ಯವಾಗಿರುವ ಟ್ಯಾಂಕು. ಬಂದ ನೆಂಟರು ‘ಉಜ್ಜಲಿಲ್ವಾ?’ ಎಂದು ಕೇಳುತ್ತಾರೆ. ‘ಅವುಗಳ ಊಟ ಅದು’ ಎಂದು ಈಗ ಮಾವನೇ ಹೇಳುತ್ತಾರೆ.

ಇನ್ನು ಉಳಿದದ್ದು ಯಾರಿಗೂ ಇಷ್ಟವಾಗದ ಕೆಲಸ. ಎರಡು ದಿನ ಕದಲದ ಬಸವನಹುಳುವನ್ನು ಎತ್ತಿ ಮೂಸಬೇಕು. ಬದುಕಿದ್ದರೆ ಕಡಲ ವಾಸನೆ. ಸತ್ತಿದ್ದರೆ ಕೇಳಬೇಕಾಗಿಲ್ಲ, ತಕ್ಷಣ ತೆಗೆಯಬೇಕು. ಸಣ್ಣ ಟ್ಯಾಂಕಿನ ನೀರು ಕೆಡಲು ಒಂದು ಕೊಳೆತ ಬಸವನಹುಳು ಸಾಕು. ಈ ಹುದ್ದೆಗೆ ಮಾವ ಅತ್ತೆಯನ್ನು ನೇಮಿಸಿದ್ದಾರೆ. ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ ಅದು ಇವತ್ತಿನದೋ ನಿನ್ನೆಯದೋ ಹೇಳುವವರ ಮುಂದೆ ನನ್ನ ಟೆಸ್ಟ್ ಕಿಟ್ ಯಾವ ಲೆಕ್ಕ? ಕಳೆದ ವಾರ ಒಂದು ಸೆರಿಥ್ ಎತ್ತಿ ಮೂಸಿದರು. ‘ಬದುಕಿದೆ. ನಿದ್ದೆ ಮಾಡ್ತಾ ಉಂಟು, ಸುಮ್ಮನೆ ಎಬ್ಬಿಸಬೇಡಿ’ ಎಂದು ಅದನ್ನು ವಾಪಸ್ ಮರಳಿನ ಮೇಲಿಟ್ಟು, ಕೈ ತೊಳೆದುಕೊಂಡು ಒಳಗೆ ಹೋದರು.